ಮಳೆಗಾಲ ಮುಗಿಯುವಾಗ .315 ರೈಫಲ್: ಯಾವಾಗ, ಹೇಗೆ ಕ್ಲೀನ್ ಮಾಡೋದು?

ಕಾಫಿಹೂ:
ಮನೆಯಲ್ಲಿ .315 ಬೋಲ್ಟ್ ಆಕ್ಷನ್ (ಬೋಲ್ಟ್ ಅನ್ನೋ ಅಗುಳಿ ಎಳೆದು ತೋಟಾ ತುಂಬೋ ರೈಫಲ್) ಇದೆ, ತೆಂಗಿನಕಾಯಿಗೆ ಗುರಿ ಇಡೋ .22 ಕೂಡ ಇದೆ. ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್ (ಕೊಡವರ ಆಯುಧ ಹಬ್ಬ) ಪೂಜೆಗೆ ಇಡಬೇಕು. ಜೂನ್‌ನಿಂದ ಒಂದು ಗುಂಡೂ ಹಾರಿಸಿಲ್ಲ, ಎರಡೂ ಕವರ್‌ನಲ್ಲೇ ಇವೆ. ಹಾರಿಸದಿದ್ದರೂ ಕ್ಲೀನ್ ಮಾಡಬೇಕಾ? ಕೊಬ್ಬರಿ ಎಣ್ಣೆ ಸಾಕಾ?

ಗುರಿಕಾರ:
ಇವತ್ತೇ ಕವರ್‌ನಿಂದ ತೆಗೀರಿ. ಕೊಡಗಿನ ಮಳೆಯಲ್ಲಿ ಕೋವಿ ಹಾಳಾಗೋದು ಹಾರಿಸಿದ್ದರಿಂದ ಅಲ್ಲ, ತೇವದಿಂದ. ಬಟ್ಟೆ, ಚರ್ಮ, ಸ್ಪಂಜಿನ ಕವರ್ ನೀರು ಹಿಡಿದು ನಳಿಗೆಗೆ ಅಂಟಿಸಿಡುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 15 ದಿನಕ್ಕೊಮ್ಮೆ ನಳಿಗೆಯೊಳಗೆ ಒಂದು ಎಣ್ಣೆ ಚಿಂದಿ ಎಳೆಯಿರಿ. ಹಾರಿಸಿದ್ದರೆ ಅದೇ ಸಂಜೆ.

ಮ್ಯಾಗಜಿನ್ ಕಳಚಿ, ಬೋಲ್ಟ್ ತೆರೆದು, ಚೇಂಬರ್ (ತೋಟಾ ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ತೋಟಾಗಳು ಬೇರೆ ಕೋಣೆಯಲ್ಲಿರಲಿ. .315ರ ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು ಅದರ ತಲೆಯನ್ನು ಮೇಲಕ್ಕೆ ತಿರುಗಿಸಿದರೆ ಕೈಗೆ ಬರುತ್ತೆ. ಮನೆಯಲ್ಲಿ ಎರಡು .315 ಇದ್ದರೆ ಬೋಲ್ಟ್ ಅದಲುಬದಲು ಮಾಡಲೇಬೇಡಿ, ತೋಟಾ ಕೂರುವ ಅಂತರ ತಪ್ಪಿ ಕೇಸ್ (ತೋಟಾದ ಲೋಹದ ಕವಚ) ಸೀಳಬಹುದು.

ನಳಿಗೆಯ ಬಾಯಿ ಹಿಡಿಗಿಂತ ತಗ್ಗಿರಲಿ. ಇಲ್ಲದಿದ್ದರೆ ಸಾಲ್ವೆಂಟ್ (ಮಸಿ ಕರಗಿಸುವ ದ್ರವ) ಟ್ರಿಗರ್‌ಗೂ ಮರಕ್ಕೂ ಇಳಿಯುತ್ತೆ. ಚೇಂಬರ್ ಕಡೆಯಿಂದ ಸಾಲ್ವೆಂಟ್‌ನಲ್ಲಿ ಒದ್ದೆ ಮಾಡಿದ ಚಿಂದಿ ಎರಡು ಸಲ ತಳ್ಳಿ, 10 ನಿಮಿಷ ಬಿಡಿ. ಆಮೇಲೆ ಕಂಚಿನ ಬ್ರಷ್ ಎಂಟು ಹತ್ತು ಸಲ. ಬ್ರಷ್ ಪೂರ್ತಿ ಹೊರಬಂದ ಮೇಲೇ ಹಿಂದಕ್ಕೆ ಎಳೀರಿ. ಮಧ್ಯದಲ್ಲೇ ದಿಕ್ಕು ಬದಲಿಸಿದರೆ ಸಿಕ್ಕಿಕೊಳ್ಳುತ್ತೆ. ಚಿಂದಿ ತಿಳಿ ಬೂದು ಬಣ್ಣಕ್ಕೆ ಬಂದರೆ ಸಾಕು. ಕೊನೆಗೆ ಗನ್ ಆಯಿಲ್ ಎರಡೇ ಹನಿ ಹಾಕಿದ ಚಿಂದಿ. ಮರುದಿನ ಇನ್ನೊಂದು ಒಣ ಚಿಂದಿ ತಳ್ಳಿ: ಕೆಂಪು ಬಂದರೆ ತುಕ್ಕು ಶುರುವಾಗಿದೆ.

ಬೋಲ್ಟ್‌ಹೆಡ್:
ಕೊಬ್ಬರಿ ಎಣ್ಣೆ ಖಂಡಿತ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತೆ, ಮಡಿಕೇರಿಯ ಬೆಳಿಗ್ಗೆ ಅಷ್ಟು ತಂಪು ವರ್ಷದ ಬಹುಪಾಲು ಇರುತ್ತೆ. ಹಳತಾದರೆ ಅಂಟಾಗುತ್ತೆ. ಬೋಲ್ಟ್ ಒಳಗೆ ಹೋದರೆ ಫೈರಿಂಗ್ ಪಿನ್ ನಿಧಾನವಾಗಿ ಬಡಿದು ಗುಂಡು ಸಿಡಿಯದೇ ಹೋಗಬಹುದು. ಪೂಜೆಯ ದಿನ ಕುಂಕುಮ, ಗಂಧ ಹಚ್ಚಿದ್ದನ್ನು ಅದೇ ದಿನ ಒರೆಸಿ, ಲೋಹದ ಮೇಲೆ ತೇವ ಉಳಿಯಬಾರದು.

ನೀಲಿ ಚಿಂದಿ ಕಂಡು ಗಾಬರಿಯಾಗಬೇಡಿ. ಗುಂಡಿನ ತಾಮ್ರ ಇದ್ದಾಗ ಅಮೋನಿಯಾ ಸಾಲ್ವೆಂಟ್ ನೀಲಿಯಾಗುತ್ತೆ, ಆದರೆ ಕಂಚಿನ ಬ್ರಷ್ ಕರಗಿದರೂ ಅದೇ ಬಣ್ಣ. ಬ್ರಷ್ ಬದಲು ನೈಲಾನ್ ಹಾಕಿ ಪರೀಕ್ಷಿಸಿ.

ಹಳೇ ತೋಟಾಗಳ ಪ್ರೈಮರ್‌ನಲ್ಲಿ (ಪಿನ್ ಬಡಿದಾಗ ಕಿಡಿ ಕೊಡುವ ಮದ್ದು) ಕ್ಲೋರೇಟ್ ಇದ್ದರೆ ನಳಿಗೆಯಲ್ಲಿ ಉಪ್ಪು ಉಳಿಯುತ್ತೆ. ಎಣ್ಣೆಗೆ ಕರಗಲ್ಲ, ಮೊದಲು ಬಿಸಿನೀರು ಸುರಿದು, ಒಣಗಿಸಿ, ಆಮೇಲೆ ಎಣ್ಣೆ.

ಕಾಫಿಹೂ:
.22ಗೂ ಇದೇ ಕ್ರಮವಾ?

ಗುರಿಕಾರ:
ಅಷ್ಟು ಉಜ್ಜಬೇಡಿ. ಸೀಸದ ಗುಂಡು ಮೃದು, ನಳಿಗೆಯನ್ನು ಸವೆಸಲ್ಲ. ತಪ್ಪಾಗಿ ರಾಡ್ (ಚಿಂದಿ ತಳ್ಳುವ ಕಡ್ಡಿ) ಹಾಕಿ ಹಾಳಾದ .22ಗಳೇ ಹೆಚ್ಚು. ಚೇಂಬರ್‌ನ ಅಂಚಲ್ಲಿ ಕೂರುವ ಮೇಣ, ಮಸಿ ಮಾತ್ರ ಬಿಡಬೇಡಿ, ಅದರಿಂದಲೇ ಖಾಲಿ ಕೇಸ್ ಸಿಕ್ಕಿಕೊಳ್ಳೋದು. ಬಾಯಿ ಕಡೆಯಿಂದಲೇ ರಾಡ್ ಹಾಕಬೇಕಾದ ಮಾಡೆಲ್ ಆದರೆ ಗೈಡ್ (ರಾಡ್ ಅಂಚಿಗೆ ಉಜ್ಜದಂತೆ ತಡೆಯುವ ತುಂಡು) ತೊಡಿಸಿ. ಬಾಯಿಯ ಅಂಚು ಕೂದಲೆಳೆಯಷ್ಟು ಸವೆದರೂ ಗುರಿ ಚದುರುತ್ತೆ. ಹಾರಿಸೋ ಮೊದಲು ಒಣ ಚಿಂದಿಯಿಂದ ಎಣ್ಣೆ ತೆಗೆಯಿರಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಆ ಮಸಿಯಲ್ಲಿ ಸೀಸ ಇರುತ್ತೆ.