ದಾಸವಾಳದ ಮೊಗ್ಗು ಅರಳುತ್ತಲೇ ಇಲ್ಲ, ರೋಗ ಇರಬಹುದಾ?

ಪ್ರಶ್ನೆ (ಕಲಬುರಗಿ)
ಹೋದ ವರ್ಷ ನರ್ಸರಿಯಲ್ಲಿ ಕೆಂಪು ದಾಸವಾಳ ಅಂತ ಕೊಟ್ಟ ಗಿಡ ತಂದು ಅಂಗಳದ ಎರೆಮಣ್ಣಲ್ಲೇ ನೆಟ್ಟೆ. ಈಗ ಎದೆಮಟ್ಟ ಬೆಳೆದಿದೆ, ಮೈತುಂಬ ಮೊಗ್ಗು. ಆದರೆ ಒಂದೂ ಅರಳುವುದಿಲ್ಲ. ಮೆಣಸಿನಕಾಯಿ ಹಾಗೆ ಸುರುಳಿ ಸುತ್ತಿಕೊಂಡು ಜೋತುಬಿದ್ದು ಹಾಗೇ ಉದುರುತ್ತದೆ. ಬಿಸಿಲು ಜಾಸ್ತಿ ಆಯ್ತೇನೋ ಅಂತ ನೆರಳು ಕಟ್ಟಿದೆ, ಗೊಬ್ಬರ ಹಾಕಿದೆ, ಹುಳ ಇರಬಹುದು ಅಂತ ಎರಡು ಸಲ ಔಷಧಿಯನ್ನೂ ಹೊಡೆದೆ. ಕಿತ್ತು ಹಾಕಲು ಮನಸ್ಸು ಬರುತ್ತಿಲ್ಲ. ಏನು ಮಾಡಲಿ?

ಉತ್ತರ (ಬೀದರ್)
ದಯವಿಟ್ಟು ಕೀಳಬೇಡಿ, ಗಿಡಕ್ಕೆ ಏನೂ ಆಗಿಲ್ಲ. ಅದು ದಾಸವಾಳ ಅಲ್ಲ, ಅದರ ದಾಯಾದಿ ಮಾಲ್ವವಿಸ್ಕಸ್. ಮೊಗ್ಗು ದಾಸವಾಳ ಅಂತಲೂ ಕರೆಯುತ್ತಾರೆ. ನೀವು ಮೊಗ್ಗು ಅಂದುಕೊಂಡಿದ್ದೇ ಹೂವು, ಅದು ಬಿಚ್ಚಿಕೊಳ್ಳುವುದು ಅಷ್ಟೇ. ಇದರ ತವರು ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆ. ಅಲ್ಲಿ ಹಮ್ಮಿಂಗ್ ಬರ್ಡ್ ಗಾಳಿಯಲ್ಲೇ ನಿಂತು ಉದ್ದ ಕೊಕ್ಕು ತೂರಿಸಿ ಮಕರಂದ ಹೀರುತ್ತದೆ, ಅದಕ್ಕೆ ಇಷ್ಟು ಬಾಯಿ ಸಾಕು.

ಖಾತ್ರಿ ಬೇಕಾದರೆ ಹೂವಿನಿಂದ ಹೊರಗೆ ಚಾಚಿದ ಕಡ್ಡಿಯ ತುದಿ ನೋಡಿ. ಪುಟ್ಟ ಗುಂಡುಗಳು ಇರುತ್ತವೆ. ದಾಸವಾಳದಲ್ಲಿ 5, ನಮ್ಮ ಪುಂಡಿ ಹೂವಿನಲ್ಲೂ 5. ಇದರಲ್ಲಿ 10.

ಉತ್ತರ (ಯಾದಗಿರಿ)
ಜೋತು ಬೀಳುತ್ತದೆ ಅಂದರೆ ಪೆಂಡುಲಿಫ್ಲೋರಸ್ ಜಾತಿ. ಆರ್ಬೋರಿಯಸ್ ಅಂತ ಇನ್ನೊಂದಿದೆ, ಅದರ ಹೂವು ಚಿಕ್ಕದು, ಮೇಲ್ಮುಖವಾಗಿ ನಿಲ್ಲುತ್ತದೆ, ಕೆಂಪು ಹಣ್ಣೂ ಬಿಡುತ್ತದೆ. ನಿಮ್ಮದರಲ್ಲಿ ಹಣ್ಣಿಗೆ ಕಾಯಬೇಡಿ, ಕಡ್ಡಿ ನೆಟ್ಟರೆ ಹೊಸ ಗಿಡ ಬರುತ್ತದೆ.

ಔಷಧಿ ಮಾತ್ರ ಇವತ್ತೇ ನಿಲ್ಲಿಸಿ. ನಮ್ಮ ಮನೆ ಗಿಡಕ್ಕೆ ಬೆಳಿಗ್ಗೆ ಬೆಳಿಗ್ಗೆ ಸೂರಕ್ಕಿ ಬರುತ್ತದೆ, ಹೂವಿನ ಬುಡಕ್ಕೇ ಕೊಕ್ಕು ಚುಚ್ಚಿ ಕುಡಿಯುತ್ತದೆ. ಓಣಿಯ ಮಕ್ಕಳೂ ಹೂವು ಕಿತ್ತು ಸಿಹಿ ಹೀರುತ್ತಾರೆ. ವಿಷ ಬಿದ್ದ ಹೂವಾದರೆ ಹೇಗೆ ಹೇಳಿ? ಸ್ವಲ್ಪ ದಿನ ಮಕ್ಕಳನ್ನು ಆ ಗಿಡದಿಂದ ದೂರ ಇಡಿ. ಇನ್ನು ಎರೆಮಣ್ಣಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತದೆ, ಅಲ್ವಾ? ಬುಡದ ಸುತ್ತ ಗರಸು ಸೇರಿಸಿ, ನೀರು ಹರಿದು ಹೋಗುವಂತೆ ಮಾಡಿ. ಅರೆನೆರಳು ಇದ್ದರೂ ನಡೆಯುತ್ತದೆ.

ಕಲಬುರಗಿ
ಈಗಷ್ಟೇ ಹೋಗಿ ಎಣಿಸಿದೆ, ಸರಿಯಾಗಿ ಹತ್ತು! ಅರಳದ ಹೂವು ದೇವರಿಗೆ ಬೇಡ ಅಂತ ನಮ್ಮ ಅತ್ತೆ ಇಷ್ಟು ದಿನ ಮುಟ್ಟಿರಲಿಲ್ಲ. ಇದೇ ಅರಳಿದ ರೂಪ ಅಂತ ಹೇಳಿದೆ, ನಾಳೆಯಿಂದ ಪೂಜೆಗೆ ಇಡುತ್ತಾರಂತೆ. ಕಡ್ಡಿ ಎಷ್ಟು ಉದ್ದ ಕತ್ತರಿಸಬೇಕು?

ಯಾದಗಿರಿ
ಒಂದು ಗೇಣು ಸಾಕು. ತೀರಾ ಎಳೆಯದು ಬೇಡ, ಸ್ವಲ್ಪ ಬಲಿತದ್ದು ತೆಗೆದುಕೊಳ್ಳಿ. ಕೆಳಗಿನ ಎಲೆ ಕಿತ್ತು, ಮುಂಗಾರು ಹಿಡಿದ ಮೇಲೆ ನೆರಳಲ್ಲಿ ನೆಡಿ.