ನಾಗರಹೊಳೆ ಕಾಡಿನ ನಾಣಚ್ಚಿ ಗೇಟಿಂದ ಸಫಾರಿಗೆ ಇತ್ತೀಚೆಗೆ ಹೋದವ್ರು ಯಾರಾದ್ರೂ ಇದೀರಾ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ. ಅಪ್ಪ ಅಮ್ಮ ಮಗಳ ಜೊತೆ ಕೊಡಗಿನ ಕುಟ್ಟ ಹತ್ರ ಒಂದು ಹೋಂಸ್ಟೇನಲ್ಲಿದೀವಿ. ಮನೆಯವ್ರು ತುಂಬಾ ಒಳ್ಳೇವ್ರು, ಬೆಳಗ್ಗೆ ಬಿಸಿ ನೂಲ್‌ಪುಟ್ಟು ಹಾಕಿ ರಾತ್ರಿ ತೋಟಕ್ಕೆ ಆನೆ ಬಂದಿದ್ದ ಜಾಗ ತೋರ್ಸಿದ್ರು, ಕಾಫಿ ಗಿಡದ ಮಧ್ಯ ಹೆಜ್ಜೆ ಗುರುತಲ್ಲಿ ನೀರು ನಿಂತಿತ್ತು, ಹಲಸಿನ ಸಿಪ್ಪೆ ಚೆಲ್ಲಾಡಿತ್ತು. ಅವಾಗಿಂದ ಮಗಳದ್ದು ಒಂದೇ ಹಠ, ಕಾಡೊಳಗೆ ಹೋಗ್ಬೇಕು ಅಂತ.

ಪೇಟೇಲಿ ಒಬ್ಬ ಜೀಪಿನವ್ನು ಗೈಡ್ ಸಮೇತ ನಾಗರಹೊಳೆ ಒಳಗೇ ಕರ್ಕೊಂಡ್ ಹೋಗ್ತೀನಿ, ಅಡ್ವಾನ್ಸ್ ಕೊಡಿ ಅಂತಾನೆ. ಮನೆ ಅಂಕಲ್ ಕೇಳಿದ್ರೆ ಖಾಸಗಿ ಜೀಪ್ ಸಫಾರಿಗೆ ಬಿಡಲ್ಲಮ್ಮ, ಅರಣ್ಯ ಇಲಾಖೆ ಗಾಡೀನೇ ಅಂತಾರೆ. ನಂಗೂ ಅಂಕಲ್ ಮಾತೇ ಸರಿ ಅನ್ಸುತ್ತೆ, ದುಡ್ಡು ಕೊಟ್ಟಿಲ್ಲ. ಆದ್ರೆ ಟಿಕೆಟ್ ವಿಷ್ಯ ಅವ್ರಿಗೂ ಸರಿಯಾಗಿ ಗೊತ್ತಿಲ್ಲ, ನೆಟ್‌ನಲ್ಲಿ ಹುಡುಕಿದ್ರೆ ಬರೀ ಕಬಿನಿ ಕಡೆ ದಮ್ಮನಕಟ್ಟೆ ಸಫಾರಿದೇ ಬರ್ತಿದೆ, ಅದು ಎಚ್.ಡಿ. ಕೋಟೆ ಕಡೆ, ಅಪ್ಪ ಅಮ್ಮನ್ನ ಕರ್ಕೊಂಡು ಅಷ್ಟ್ ದೂರ ಆಗಲ್ಲ. ಸಿಕ್ಕಿದ ನಂಬರಿಗೆ ಫೋನ್ ಮಾಡಿದ್ರೆ ರಿಂಗ್ ಆಗುತ್ತೆ ಅಷ್ಟೇ, ಅದೂ ತೋಟದ ಮೂಲೇಲಿ ನಿಂತ್ರೆ ಮಾತ್ರ ಸಿಗ್ನಲ್ಲು.

ನಾಣಚ್ಚಿಲಿ ಬೆಳಗಿನ ಟ್ರಿಪ್‌ಗೆ ಕೌಂಟರಲ್ಲೇ ಟಿಕೆಟ್ ಕೊಡ್ತಾರಾ, ಇಲ್ಲ ಮೊದ್ಲೇ ಬುಕ್ ಮಾಡ್ಬೇಕಾ? ಇನ್ನೊಂದು, ಅಮ್ಮಂಗೆ ಮಂಡಿ ನೋವು, ಗಾಡಿ ಮೆಟ್ಲು ಹತ್ತೋಕಾಗುತ್ತಾ? ಹೋಗಿ ಬಂದವ್ರು ಹೇಳಿ ಪ್ಲೀಸ್.