ಬದುವಿನ ಗಿಡಗಳಲ್ಲಿ ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ಮಧುಗಿರಿ ಕಡೆ ನಮಗೆ ಮೂರು ಎಕರೆ ಮಳೆಯಾಶ್ರಿತ ಹೊಲವಿದ್ದು, ಕಡಲೆಕಾಯಿ, ರಾಗಿ ಮತ್ತು ಅಕ್ಕಡಿಗೆ (ನಡುನಡುವಿನ ಸಾಲುಗಳಲ್ಲಿ) ತೊಗರಿ ಬೆಳೆಯುತ್ತೇವೆ. ಬದುಗಳ ಮೇಲೆ ಗಿಡಗಂಟಿ ಬೆಳೆದು ಹಾವಿನ ಭಯ ಹೆಚ್ಚಾಗಿದೆ. ಕಳೆನಾಶಕ ಹೊಡೆಸಿ ಎಲ್ಲವನ್ನೂ ಬೋಳು ಮಾಡೋಣ ಎಂದು ಮನೆಯವರು ಹೇಳುತ್ತಿದ್ದಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಪಾವಗಡ ಕಡೆಯ ರೈತರೊಬ್ಬರ ಉತ್ತರ:

ಪೂರ್ತಿ ಬೋಳು ಮಾಡಿಸಬೇಡಿ ಎಂಬುದೇ ನನ್ನ ಸಲಹೆ. ಬದುವಿನಲ್ಲಿರುವ ಎಲ್ಲ ಗಿಡಗಳೂ ಒಂದೇ ಬಗೆಯವಲ್ಲ. ಅವುಗಳಲ್ಲಿ ಮೊದಲು ಹೋಗಬೇಕಾದದ್ದು ಪಾರ್ಥೇನಿಯಂ, ಅಂದರೆ ನಾವು ಕಾಂಗ್ರೆಸ್ ಗಿಡ ಎನ್ನುವುದು. ಮೈ ತುರಿಕೆ, ಉಬ್ಬಸದ ವಿಷಯ ನಿಮಗೆ ತಿಳಿದೇ ಇರುತ್ತದೆ. ಆದರೆ ಕಡಲೆಕಾಯಿ ಬೆಳೆಯುವವರಿಗೆ ಇನ್ನೂ ದೊಡ್ಡ ಅಪಾಯವಿದೆ. ಈ ಗಿಡವು ಟೊಬ್ಯಾಕೊ ಸ್ಟ್ರೀಕ್ ವೈರಸ್ಸನ್ನು ಯಾವ ಲಕ್ಷಣವನ್ನೂ ತೋರದೆ ಒಳಗಿಟ್ಟುಕೊಂಡಿರುತ್ತದೆ. ಅದರ ಹೂವಿನ ಪರಾಗವು ಥ್ರಿಪ್ಸ್ ನುಸಿಗಳ ಮೂಲಕ ಬೆಳೆಯ ಎಲೆಯ ಮೇಲೆ ಬಿದ್ದು, ನುಸಿ ಎಲೆಯನ್ನು ಕೆರೆದಾಗ ರೋಗ ಒಳಸೇರುತ್ತದೆ, ಸುಳಿ ಕಪ್ಪಾಗಿ ಒಣಗುತ್ತದೆ. 2000ನೇ ಇಸವಿಯಲ್ಲಿ ನಮ್ಮ ಪಕ್ಕದ ಅನಂತಪುರ ಜಿಲ್ಲೆಯ ಕಡಲೆಕಾಯಿಯನ್ನು ಹಾಳುಮಾಡಿದ್ದು ಇದೇ ರೋಗ. ಅದಕ್ಕೂ ಮೊದಲು 1997ರಲ್ಲಿ ಬಾಗೇಪಲ್ಲಿ ಸುತ್ತಮುತ್ತ ಸೂರ್ಯಕಾಂತಿಯಲ್ಲಿ ಅದು ಕಾಣಿಸಿಕೊಂಡಿತ್ತು. ಆದ್ದರಿಂದ ಹೂ ಬಿಡುವ ಮೊದಲೇ, ಮಳೆ ಬಿದ್ದು ನೆಲ ಹದವಾಗಿರುವಾಗ, ಕೈಗವಸು ಹಾಕಿಕೊಂಡು ಬೇರುಸಹಿತ ಕೀಳಿಸಿ. ಹೂವಾಗದ ಗಿಡವನ್ನು ಗೊಬ್ಬರದ ಗುಂಡಿಗೂ ಹಾಕಬಹುದು. ಕಡಲೆಕಾಯಿಯ ಸುತ್ತ ಜೋಳ ಅಥವಾ ಸಜ್ಜೆಯ ಕೆಲವು ಸಾಲುಗಳನ್ನು ಒತ್ತಾಗಿ ಬಿತ್ತಿದರೆ ಹಾರಿಬರುವ ನುಸಿಗೆ ತಡೆಯಾಗುತ್ತದೆ.

ಕಿತ್ತ ಜಾಗವನ್ನು ಖಾಲಿ ಬಿಟ್ಟರೆ ಮುಂದಿನ ಮಳೆಗೆ ಅದೇ ಗಿಡ ಮತ್ತೆ ತುಂಬಿಕೊಳ್ಳುತ್ತದೆ. ಅಲ್ಲಿ ಚಗಚೆ ಬೀಜ ಚೆಲ್ಲಿ. ಮಳೆಗೆ ಅದು ದಟ್ಟವಾಗಿ ಎದ್ದು ಪಾರ್ಥೇನಿಯಂ ಅನ್ನು ಅದುಮುತ್ತದೆ. ಮುಂಗಾರಿನಲ್ಲಿ ಪಾರ್ಥೇನಿಯಂ ಎಲೆಗಳ ಮೇಲೆ ಕೆನೆಬಣ್ಣದ, ಕಂದು ಗೆರೆಗಳ ಸಣ್ಣ ದುಂಬಿ ಕಂಡರೆ ಔಷಧಿ ಹೊಡೆಯಬೇಡಿ. 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತಂದು, ಮರುವರ್ಷ ಹೊಲಗಳಿಗೆ ಬಿಟ್ಟ ದುಂಬಿ ಅದು. ಒಳ್ಳೆಯ ಮಳೆಯಾದ ವರ್ಷ ಇಡೀ ಗಿಡವನ್ನು ತಿಂದು ಬರೀ ದಂಟು ಉಳಿಸುತ್ತದೆ.

ಉಳಿದ ಗಿಡಗಳ ವಿಷಯದಲ್ಲಿ ನನ್ನ ಮನಸ್ಸು ಬೇರೆ. ಗರಿಕೆಯ ಬೇರು ಬದುವಿನ ಮಣ್ಣನ್ನು ಹಿಡಿದಿಟ್ಟಿರುತ್ತದೆ. ಕಳೆನಾಶಕಕ್ಕೆ ಅದೂ ಸತ್ತರೆ ಮೊದಲ ಜೋರು ಮಳೆಗೇ ಬದು ಕೊರೆಯುತ್ತದೆ. ತಂಗಡಿ ಮತ್ತು ಹೊಂಗೆ ಸೊಪ್ಪು ಗೊಬ್ಬರಕ್ಕಾಗುತ್ತದೆ. ತುಂಬೆಯ ಬಿಳಿ ಹೂವಿಗೆ ಬೆಳಗಿನ ಹೊತ್ತು ಜೇನುಹುಳುಗಳು ಮುತ್ತುತ್ತವೆ. ಎಕ್ಕದ ಎಲೆಯನ್ನು ಮಗುಚಿ ನೋಡಿ: ಕಪ್ಪು, ಬಿಳಿ, ಹಳದಿ ಪಟ್ಟೆಗಳ ಮರಿಹುಳು ಹಾಲು ಸೋರುವ ಅಂಚನ್ನು ಕೊರೆಯುತ್ತಿರುತ್ತದೆ. ಅದು ಮುಂದೆ ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ, ನಿಮ್ಮ ಬೆಳೆಯನ್ನು ಮುಟ್ಟುವುದೇ ಇಲ್ಲ. ಇಷ್ಟು ಜೀವಗಳಿಗೆ ನೆಲೆಯಾದ ಜಾಗವನ್ನು ಒಂದೇ ದಿನದಲ್ಲಿ ಸುಟ್ಟಂತೆ ಮಾಡುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾವಿನ ಭಯ ನ್ಯಾಯವಾದದ್ದೇ, ಕೊಳಕುಮಂಡಲ ನಮ್ಮ ಕಡೆಯೂ ಇದೆ. ಆದರೆ ಅದನ್ನು ಹೊಲಕ್ಕೆ ಕರೆಯುವುದು ಇಲಿ, ಮತ್ತು ಇಲಿಯ ಬಿಲವಿರುವುದು ಬದುವಿನ ಮಣ್ಣಿನೊಳಗೆ. ಮೇಲಿನ ಸೊಪ್ಪು ಸುಟ್ಟರೆ ಬಿಲ ಹೋಗುವುದಿಲ್ಲ. ನೀವು ನಡೆದಾಡುವ ದಾರಿಯನ್ನು, ಪಂಪ್‌ಸೆಟ್ ಮನೆಯ ಸುತ್ತಲನ್ನು ಮಾತ್ರ ಅಗಲವಾಗಿ ಕುಡುಗೋಲಿನಿಂದ ಸವರಿಸಿ, ರಾತ್ರಿ ಬ್ಯಾಟರಿ ಮತ್ತು ಬೂಟು ಇಲ್ಲದೆ ಹೋಗಬೇಡಿ. ಕೇರೆ ಹಾವನ್ನು ಕೊಲ್ಲಿಸಬೇಡಿ, ಇಲಿ ತಿನ್ನುವುದು ಅದೇ.

ಹಾವೇರಿ ಕಡೆಯ ಇನ್ನೊಬ್ಬರು ಸೇರಿಸಿದ್ದು:

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಬೇಸಿಗೆ ಉಳುಮೆಯ ಬಗ್ಗೆ ಒಂದು ಮಾತಿದೆ. ಟಿಟ್ಟಿಭ ಹಕ್ಕಿ ಬಯಲು ನೆಲದ ಹೆಂಟೆಗಳ ನಡುವೆಯೇ, ಸಾಮಾನ್ಯವಾಗಿ ನಾಲ್ಕು, ಕಲ್ಲಿನ ಬಣ್ಣದ ಮೊಟ್ಟೆಗಳನ್ನಿಡುತ್ತದೆ. ಜೋಡಿ ಹಕ್ಕಿಗಳು ತಲೆಯ ಮೇಲೆ ಕಿರುಚುತ್ತಾ ಸುತ್ತಿದರೆ ಟ್ರ್ಯಾಕ್ಟರ್ ನಿಲ್ಲಿಸಿ ಹುಡುಕಿ, ಒಂದು ಕೋಲು ನೆಟ್ಟು ಅಷ್ಟು ಜಾಗವನ್ನು ಬಿಟ್ಟು ಉಳುಮೆ ಮಾಡಿ. ಮರಿಯಾಗಲು ಸುಮಾರು ನಾಲ್ಕು ವಾರ ಬೇಕು, ಆಮೇಲೆ ಆ ತುಂಡು ನೆಲವನ್ನು ಕುಂಟೆಯಲ್ಲಿ ಹೊಡೆದುಕೊಳ್ಳಬಹುದು. ನಿಮ್ಮ ತೊಗರಿ ಸಾಲುಗಳ ನಡುವೆ ಕವಲುಗೋಲು ನೆಡುವುದನ್ನೂ ಮರೆಯಬೇಡಿ, ಕಾಜಾಣಗಳು ಅಲ್ಲಿ ಕುಳಿತು ಕಾಯಿಕೊರಕದ ಹುಳುಗಳನ್ನು ಹಿಡಿಯುತ್ತವೆ.